ಒದರಾಕ ನಮಗೂ ಬರತೈತಿ

ರಾತ್ರಿ ಒಂಬತ್ತರ ಸುಮಾರಿಗೆ ಬಾಗಲಕೋಟೆ ಜಿಲ್ಲೆಯ ನಮ್ಮ ಬೀಳಗಿಯ ಯಾವ ಓಣಿಯಲ್ಲಿ ನಡೆದುಹೋದರೂ ಒಂದೇ ಜಗಳ ಮನೆಯಿಂದ ಮನೆಗೆ ಮುಂದುವರಿಯುತ್ತಿರುತ್ತದೆ. ಮೊದಲ ಮನೆಯ ಟಿವಿಯಲ್ಲಿ ಕಾಂಗ್ರೆಸ್ ವಕ್ತಾರರು ತೆಗೆದ ಮಾತನ್ನು ಮೂರನೇ ಮನೆ ದಾಟುವಷ್ಟರಲ್ಲಿ ಬಿಜೆಪಿ ವಕ್ತಾರರು ಕತ್ತರಿಸಿರುತ್ತಾರೆ. ಐದನೇ ಮನೆ ಮುಟ್ಟುವ ಹೊತ್ತಿಗೆ ನಿರೂಪಕರು ಇಬ್ಬರನ್ನೂ ಸುಮ್ಮನಾಗಿಸಿ ತಾವೇ ತೀರ್ಪು ಕೊಡುತ್ತಿರುತ್ತಾರೆ. ಕಬ್ಬಿನ ಹಂಗಾಮಿದ್ದರೆ ನಡುವೆ ಎರಡು ಟ್ರೇಲರ್ ಜಗ್ಗಿಕೊಂಡು ಟ್ರ್ಯಾಕ್ಟರೊಂದು ಬರುತ್ತದೆ. ಅದರ ಸ್ಪೀಕರಿನ ಹಾಡು ಮುಗಿಯುವತನಕ ಯಾರ ತೀರ್ಪೂ ಯಾರಿಗೂ ಕೇಳಿಸುವುದಿಲ್ಲ. ಅದು ದಾಟಿದ ಮೇಲೆ ನೋಡಿದರೆ ಚರ್ಚೆ ಇದ್ದಲ್ಲೇ ಇರುತ್ತದೆ.

ಚಹಾದಂಗಡಿಯಲ್ಲಿ ಕೂತ ಕಾಕಾ ಒಬ್ಬರನ್ನು ಕೇಳಿದೆ, “ಏನ್ ಅಂತಾರ ಕಾಕಾ ಇವತ್ತ?”

“ಏನ್ ಅಂತಾರೋ ತಮ್ಮಾ, ನಿನ್ನಿ ಅಂದಿದ್ದನ್ನ ಅಂತಾರ. ಸ್ವಲ್ಪ ಜೋರ್ ಅಂತಾರ.”

“ಹಂಗಾದ್ರ ಬಂದ್ ಮಾಡ್ಸೂದಲ್ಲ?”

“ಬಂದ್ ಮಾಡಿ ಏನ್ ಗ್ವಾಡಿ ನೋಡ್ಲಿ?”

ಬೆಂಗಳೂರು ಕಡೆಯ ಗೆಳೆಯರು ಈ ಕಾರ್ಯಕ್ರಮಗಳ ಬಗ್ಗೆ ಹೇಳುವ ಮೊದಲ ದೂರು ಗದ್ದಲದ್ದು. ಕಿವಿ ಕೆಟ್ಟುಹೋಗುತ್ತದೆ, ಮಾತಿನಲ್ಲಿ ಸಭ್ಯತೆ ಇಲ್ಲ ಎನ್ನುತ್ತಾರೆ. ನನಗೆ ಆ ದೂರು ಅಷ್ಟಾಗಿ ನಾಟುವುದಿಲ್ಲ. ನಮ್ಮ ಕಡೆ ಬೀಗರನ್ನು ಊಟಕ್ಕೆ ಕರೆಯುವುದನ್ನೂ ಮೂರು ಹೊಲದಾಚೆ ಕೇಳುವ ಹಾಗೆಯೇ ಕರೆಯುತ್ತಾರೆ. ಒದರಾಟ ನಮಗೆ ಹೊಸದಲ್ಲ. ನನ್ನ ತಕರಾರು ಬೇರೆ. ಇಷ್ಟು ಒದರಿದ ಮೇಲೂ ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮತ್ತು ಆ ಪ್ರಶ್ನೆ ಬಹುಪಾಲು ನಮ್ಮದೇ ಆಗಿರುವುದಿಲ್ಲ.

ಕನ್ನಡದಲ್ಲಿ ದಿನಪೂರ್ತಿ ಸುದ್ದಿ, ಸಂಜೆಯಾದರೆ ಚರ್ಚೆ ಎಂಬ ಈ ಪದ್ಧತಿ ಸುಮಾರು ಇಪ್ಪತ್ತು ವರ್ಷದ್ದು. ಅದಕ್ಕೂ ಮೊದಲು ಸುದ್ದಿ ಎಂದರೆ ದೂರದರ್ಶನದ ವಾರ್ತೆ, ಆಮೇಲೆ ಉದಯ ಟಿವಿಯ ವಾರ್ತೆ. ಹೊತ್ತಿಗೆ ಸರಿಯಾಗಿ ಬಂದು, ಹೇಳಿ, ಹೋಗುತ್ತಿದ್ದವು. 2006ರ ಕೊನೆಯಲ್ಲಿ ಟಿವಿ9 ಕನ್ನಡ ಬಂತು. ಆಗ ರಾಜ್ಯದಲ್ಲಿ ಜೆಡಿಎಸ್–ಬಿಜೆಪಿ ಇಪ್ಪತ್ತು ತಿಂಗಳ ಒಪ್ಪಂದದ ಸರ್ಕಾರ. ಒಪ್ಪಂದ ಮುರಿಯಿತು, ಮುಂದೆ ರೆಸಾರ್ಟುಗಳ ಕಾಲ ಬಂತು. 24 ತಾಸಿನ ಚಾನೆಲ್ಲಿಗೆ ಇದಕ್ಕಿಂತ ಒಳ್ಳೆಯ ಫಸಲು ಬೇಕೆ? 2008ರಲ್ಲಿ ಸುವರ್ಣ ನ್ಯೂಸ್, 2012ರ ಫೆಬ್ರುವರಿ 12ರಂದು ಪಬ್ಲಿಕ್ ಟಿವಿ ಬಂದವು. ನಡುವೆ, ಆಮೇಲೆ ಹುಟ್ಟಿದವು, ಹೆಸರು ಬದಲಿಸಿದವು, ಮುಚ್ಚಿದವು ಬೇಕಾದಷ್ಟು. ಸಮಯ ಚಾನೆಲ್ ಶುರು ಮಾಡಿದವರು ಸತೀಶ ಜಾರಕಿಹೊಳಿ. ಕಸ್ತೂರಿ ಎಚ್.ಡಿ. ಕುಮಾರಸ್ವಾಮಿ ಅವರ ಮನೆತನದ್ದು. ಜನಶ್ರೀ ಎಂದರೆ ಬಳ್ಳಾರಿಯ ರೆಡ್ಡಿಗಳ ಹೆಸರು ಜತೆಗೇ ಬರುತ್ತಿತ್ತು. ಸುವರ್ಣದ ಹಿಂದೆ ರಾಜೀವ್ ಚಂದ್ರಶೇಖರ್, ದಿಗ್ವಿಜಯದ ಹಿಂದೆ ವಿಜಯ ಸಂಕೇಶ್ವರರ ವಿಆರ್‌ಎಲ್. ಸಕ್ಕರೆ ಕಾರ್ಖಾನೆ, ಗಣಿ, ಲಾರಿ ಇದ್ದವರ ಕೈಗೆ ಒಂದು ಚಾನೆಲ್ಲೂ ಬೇಕಾಯಿತು. ಪಬ್ಲಿಕ್ ಟಿವಿ ತನ್ನ ಘೋಷವಾಕ್ಯದಲ್ಲೇ ತಾನು ಯಾರ ಆಸ್ತಿಯೂ ಅಲ್ಲ ಎಂದು ಸಾರಬೇಕಾಗಿ ಬಂದದ್ದು ಈ ಹಿನ್ನೆಲೆಯಲ್ಲಿ.

ನಿರೂಪಕರ ವಿಷಯಕ್ಕೆ ಬಂದರೆ ಬೀಳಗಿಯ ಕಟ್ಟೆಗಳಲ್ಲಿ ಎರಡು ಹೆಸರು ಹೆಚ್ಚು ಓಡಾಡುತ್ತವೆ. ಎಚ್.ಆರ್. ರಂಗನಾಥ್ ಇಲ್ಲಿ ಬರೀ “ರಂಗಣ್ಣ”. ಕನ್ನಡಪ್ರಭದ ಸಂಪಾದಕರಾಗಿದ್ದವರು, ಸುವರ್ಣ ನ್ಯೂಸ್ ನಡೆಸಿದವರು, ಆಮೇಲೆ ಸ್ವಂತ ಚಾನೆಲ್ ಕಟ್ಟಿದವರು. ಅವರ ‘ಬಿಗ್ ಬುಲೆಟಿನ್’ ನಿಜವಾಗಿ ಚರ್ಚೆಯೇ ಅಲ್ಲ. ಊರಿನ ಹಿರಿಯನೊಬ್ಬ ಪೇಪರ್ ಓದಿಸಿಕೊಂಡು ಒಂದೊಂದು ಸುದ್ದಿಗೂ ತನ್ನ ಮಾತು ಸೇರಿಸುವ ಧಾಟಿ ಅದು. ಬೈಯುತ್ತಾರೆ, ನಗುತ್ತಾರೆ, ತಲೆ ಚಚ್ಚಿಕೊಳ್ಳುತ್ತಾರೆ. ನಮ್ಮ ಹಿರಿಯರಿಗೆ ಅದೇ ರುಚಿ. ತಾವು ಶಾಸಕರನ್ನು ಎದುರಿಗೆ ನಿಂತು ಬೈಯಲಾರದ್ದನ್ನು ಇವರು ತಮ್ಮ ಪರವಾಗಿ ಬೈಯುತ್ತಾರೆ ಎಂಬ ಸಮಾಧಾನ. ನನಗೆ ಅವರ ಭಾಷೆಯ ಹಿಡಿತ ಇಷ್ಟ. ಆದರೆ ಎದುರು ಮಾತಾಡುವವರೇ ಇಲ್ಲದ ಕಡೆ ಗೆಲ್ಲುವುದು ದೊಡ್ಡ ಮಾತಲ್ಲ.

ಇನ್ನೊಬ್ಬರು ಸುವರ್ಣ ನ್ಯೂಸ್‌ನ ಅಜಿತ್ ಹನಮಕ್ಕನವರ. ಅಡ್ಡಹೆಸರು ಕೇಳಿದೊಡನೆ “ನಮ್ಮ ಕಡಿಯಾಂವ” ಎಂಬ ಹೆಮ್ಮೆ ಇಲ್ಲಿನ ಹುಡುಗರಿಗೆ. ‘ಲೆಫ್ಟ್ ರೈಟ್ ಆ್ಯಂಡ್ ಸೆಂಟರ್’ ಎಂದು ಕಾರ್ಯಕ್ರಮದ ಹೆಸರಿದ್ದರೂ ಅದು ಯಾವ ಕಡೆ ವಾಲುತ್ತದೆ ಎಂಬುದರಲ್ಲಿ ಹೊಗಳುವವರಿಗೂ ತೆಗಳುವವರಿಗೂ ಅನುಮಾನವಿಲ್ಲ. ಹೋಮ್‌ವರ್ಕ್ ಮಾಡಿಕೊಂಡು ಬರುತ್ತಾರೆ, ಕನ್ನಡ ಸರಾಗ. ಹಾಗಾಗಿಯೇ ನನ್ನ ಆಕ್ಷೇಪ ಹೆಚ್ಚು. ಓದಿಕೊಂಡು ಬಂದ ನಿರೂಪಕ ಎದುರಿನವನ ಉತ್ತರಕ್ಕೆ ಅರ್ಧ ನಿಮಿಷ ಕಾದರೆ ಏನು ಕಳೆದುಕೊಳ್ಳುತ್ತಾನೆ? ಇದು ಅವರೊಬ್ಬರಿಗೆ ಹೇಳುವ ಮಾತಲ್ಲ. ದೆಹಲಿ, ಮುಂಬೈಗಳಿಂದ ಬಂದ ರೂಢಿ ಇದು. ಅರ್ನಬ್ ಗೋಸ್ವಾಮಿ 2016ರಲ್ಲಿ ಟೈಮ್ಸ್ ನೌ ಬಿಟ್ಟು 2017ರ ಮೇ ತಿಂಗಳಲ್ಲಿ ರಿಪಬ್ಲಿಕ್ ಕಟ್ಟಿದಾಗ, ನಿರೂಪಕನೇ ಚಾನೆಲ್ ಎಂಬುದು ಪಕ್ಕಾ ಆಯಿತು. ಆಮೇಲೆ ಎಲ್ಲ ಭಾಷೆಗಳಲ್ಲೂ ಅದೇ ಅಚ್ಚು.

ಕಾಯುವ ವಿಷಯ ಯಾಕೆ ಹೇಳಿದೆನೆಂದರೆ, ವಾದ ಮಾಡುವುದನ್ನು ಟಿವಿಯಿಂದ ಕಲಿಯಬೇಕಾದ ಸೀಮೆ ನಮ್ಮದಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಗೀಗೀ ಮೇಳಗಳು ರಾತ್ರಿಯಿಡೀ ಹಾಡುತ್ತವೆ. ಹರದೇಶಿಯವರು ಗಂಡು ಹೆಚ್ಚು ಎನ್ನುವವರು, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನುವವರು. ಒಂದು ಮೇಳ ದಪ್ಪು ಬಡಿದು, ತುಂತುಣಿ ಮೀಟಿ ಸವಾಲು ಹಾಕುತ್ತದೆ. ಇನ್ನೊಂದು ಮೇಳ ಕಾದು, ಕೇಳಿಸಿಕೊಂಡು, ಜವಾಬು ಹಾಡುತ್ತದೆ. ಚುಚ್ಚು ಮಾತು, ಹಂಗಿಸುವುದು, ಪುರಾಣ ತಿರುಚುವುದು ಎಲ್ಲವೂ ಉಂಟು. ಸಭ್ಯತೆಯ ಪಾಠವೇನೂ ಅಲ್ಲಿಲ್ಲ. ಆದರೆ ಸವಾಲಿಗೆ ಜವಾಬು ಬಾರದಿದ್ದರೆ ಕೂತ ಜನವೇ ಎದ್ದು “ಜವಾಬ್ ಎಲ್ಲೈತ್ರಿ?” ಎಂದು ಕೇಳುತ್ತಾರೆ. ಯಾರು ಸೋತರು ಎಂಬುದನ್ನು ಮೇಳದ ಮುಖ್ಯಸ್ಥ ಹೇಳುವುದಿಲ್ಲ, ಕಂಬಳಿ ಹೊದ್ದು ಬೆಳಗಿನವರೆಗೆ ಕೂತವರು ಹೇಳುತ್ತಾರೆ. ಸ್ಟುಡಿಯೊದಲ್ಲಿ ಎಂಟು ಚೌಕಗಳಲ್ಲಿ ಎಂಟು ತಲೆ ಕೂರಿಸಿ, ಎಲ್ಲರ ಬಾಯಿ ಒಟ್ಟಿಗೆ ಬಿಟ್ಟು, ಕೊನೆಗೆ ಸಮಯವಾಯಿತು ಎಂದು ಎದ್ದುಹೋಗುವುದಕ್ಕೆ ಆ ಮೇಳಗಳಲ್ಲಿ ಕಲ್ಲು ಬೀಳುತ್ತಿತ್ತು.

ಈಗ ಪ್ರಶ್ನೆ ನಮ್ಮದಾಗಿರುವುದಿಲ್ಲ ಎಂದೆನಲ್ಲ, ಅದಕ್ಕೆ ಬರುತ್ತೇನೆ. 2025ರ ನವೆಂಬರ್ ನೆನಪಿಸಿಕೊಳ್ಳಿ. ಆ ತಿಂಗಳ 20ಕ್ಕೆ ರಾಜ್ಯ ಸರ್ಕಾರಕ್ಕೆ ಎರಡೂವರೆ ವರ್ಷ ತುಂಬುವುದಿತ್ತು. ಮುಖ್ಯಮಂತ್ರಿ ಕುರ್ಚಿಯಲ್ಲಿ ಸಿದ್ದರಾಮಯ್ಯ ಇರುತ್ತಾರೋ, ಡಿ.ಕೆ. ಶಿವಕುಮಾರ್ ಬರುತ್ತಾರೋ ಎಂಬ ‘ನವೆಂಬರ್ ಕ್ರಾಂತಿ’ಯನ್ನು ಚಾನೆಲ್ಲುಗಳು ತಿಂಗಳುಗಟ್ಟಲೆ ಮೊದಲೇ ಬಿತ್ತಿಕೊಂಡಿದ್ದವು. ಅದೇ ಹೊತ್ತಿಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕೆಂದು ರಸ್ತೆಯಲ್ಲಿ ಕೂತರು. ನವೆಂಬರ್ 7ರಂದು ಮುಖ್ಯಮಂತ್ರಿ ಸಭೆ ನಡೆಸಿದರು. ಅದಾಗಲೇ ಮಾತಿನಲ್ಲಿದ್ದ 3,200ಕ್ಕೆ ಕಾರ್ಖಾನೆಯವರು 50, ಸರ್ಕಾರ 50 ಸೇರಿಸಿ 3,300 ಎಂದು ತೀರ್ಮಾನವಾಯಿತು. ಗುರ್ಲಾಪುರದ ಧರಣಿ ಮುಗಿಯಿತು. ಮುಧೋಳದ ರೈತರು ಒಪ್ಪಲಿಲ್ಲ. 13ರ ಸಂಜೆ ಸಮೀರವಾಡಿ ಕಾರ್ಖಾನೆಯ ಬಳಿ ಕಬ್ಬು ತುಂಬಿ ನಿಂತ ಟ್ರೇಲರುಗಳಿಗೆ ಬೆಂಕಿ ಬಿತ್ತು. ಆ ರಾತ್ರಿ ಎಲ್ಲ ಚಾನೆಲ್ಲುಗಳಲ್ಲೂ ನಾವೇ.

ನಾನು ನೋಡಿದ ಚರ್ಚೆಗಳಲ್ಲಿ ಕೇಳಿದ ಪ್ರಶ್ನೆ ಒಂದೇ: ಬೆಂಕಿ ಹಚ್ಚಿದವರು ಯಾರು? ರೈತರೋ, ಹೊರಗಿನವರೋ, ವಿರೋಧ ಪಕ್ಷದವರೋ? ಕೇಳಬಾರದ ಪ್ರಶ್ನೆಯೇನಲ್ಲ. ಸುಟ್ಟದ್ದು ಯಾರೋ ರೈತನ ಕಬ್ಬು, ಯಾರೋ ಸಾಲ ಮಾಡಿ ತಂದ ಟ್ರೇಲರ್. ಆದರೆ ಪೊಲೀಸರೇ ತನಿಖೆ ಶುರು ಮಾಡದ ಪ್ರಶ್ನೆಗೆ ಸ್ಟುಡಿಯೊದಲ್ಲಿ ಕೂತವರು ಏನು ಉತ್ತರ ಕೊಟ್ಟಾರು? ಅವರು ಕೊಡಬಹುದಾಗಿದ್ದ ಉತ್ತರ ಬೇರೆಯಿತ್ತು, ಅದನ್ನು ಯಾರೂ ಕೇಳಲಿಲ್ಲ.

ಲೆಕ್ಕ ಹೀಗಿದೆ. 2025–26ರ ಹಂಗಾಮಿಗೆ ಕೇಂದ್ರ ಗೊತ್ತುಪಡಿಸಿದ ಕಬ್ಬಿನ ನ್ಯಾಯಯುತ ದರ, ಅಂದರೆ ಎಫ್‌ಆರ್‌ಪಿ, ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಅದು ಇಳುವರಿ ಶೇ 10.25 ಇದ್ದಾಗ. ನಮ್ಮವರು ರಿಕವರಿ ಅನ್ನುವುದು ಇದಕ್ಕೇ, ಕಬ್ಬಿನಿಂದ ಎಷ್ಟು ಸಕ್ಕರೆ ಬಂತು ಎಂಬ ಪ್ರಮಾಣ. ಅದು ಶೇ 0.1 ಏರಿದರೆ ಕ್ವಿಂಟಲ್‌ಗೆ 3 ರೂಪಾಯಿ 46 ಪೈಸೆ ಹೆಚ್ಚು. ಆ ಪ್ರಕಾರ 11.25 ರಿಕವರಿಗೆ ಟನ್ನಿಗೆ 3,896 ರೂಪಾಯಿ ಆಗುತ್ತದೆ. ಹಾಗಾದರೆ 3,300ಕ್ಕೆ ರೈತ ಯಾಕೆ ಬಡಿದಾಡಬೇಕು? ಯಾಕೆಂದರೆ ಆ 3,896ರಲ್ಲಿ ಕಟಾವು ಮತ್ತು ಸಾಗಾಟದ ಖರ್ಚನ್ನು ಕಾರ್ಖಾನೆ ಮುರಿದುಕೊಳ್ಳುತ್ತದೆ. ಗ್ಯಾಂಗಿನವರಿಗೆ ಎಷ್ಟು, ಟ್ರ್ಯಾಕ್ಟರಿಗೆ ಎಷ್ಟು, ಪಕ್ಕದ ಹೊಲದಿಂದ ಬಂದ ಕಬ್ಬಿಗೂ ದೂರದಿಂದ ಬಂದ ಕಬ್ಬಿಗೂ ಒಂದೇ ಮುರಿತವೋ ಬೇರೆಯೋ, ಇದೆಲ್ಲ ಕಾರ್ಖಾನೆಯ ಪುಸ್ತಕದಲ್ಲಿ. ಮುಖ್ಯಮಂತ್ರಿಗಳ ಸಭೆ ಏರಿಸಿದ್ದು 100 ರೂಪಾಯಿ. ಸಾಗಾಟದ ಲೆಕ್ಕ 100 ರೂಪಾಯಿ ಆಚೀಚೆ ಆದರೆ ಅದು ಹಾಗೇ ಕರಗಿಹೋಯಿತು. ಇನ್ನು ರಿಕವರಿ ಎಷ್ಟು ಎಂಬುದು ಹಿಂದಿನ ಹಂಗಾಮಿನ ಅಂಕಿ, ಅಳೆದದ್ದು ಕಾರ್ಖಾನೆಯ ಪ್ರಯೋಗಾಲಯ. ತೂಕದ ಕಾಟಾ ಕೂಡ ಅವರದೇ ಅಂಗಳದಲ್ಲಿ. ಹೊಲದಲ್ಲಿ ನಿಂತ ಯಾವ ರೈತನನ್ನು ಕೇಳಿದರೂ ಮೊದಲು ಹೇಳುವುದು ಈ ಮೂರು: ಕಾಟಾ, ರಿಕವರಿ, ಬಾಕಿ ಬಿಲ್ಲು.

ಇದನ್ನು ಬೋರ್ಡಿನ ಮೇಲೆ ಬರೆದು ಹೇಳಲು ಐದು ನಿಮಿಷ ಸಾಕು. ಕಾರ್ಖಾನೆಯವರ ಒಬ್ಬರು, ಸಕ್ಕರೆ ಇಲಾಖೆಯ ಒಬ್ಬರು, ಲೆಕ್ಕ ಬಲ್ಲ ರೈತನೊಬ್ಬ ಎದುರುಬದುರು ಕೂತರೆ ಒಂದು ತಾಸು ಕಣ್ಣು ಮಿಟುಕಿಸದೆ ನೋಡಬಹುದಾದ ಜಗಳ ಅದು. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಪ್ರತಿ ಹಳ್ಳಿಯೂ ಟಿವಿ ಮುಂದೆ ಕೂರುತ್ತಿತ್ತು. ಆದರೂ ಚಾನೆಲ್ಲುಗಳು ಅದನ್ನು ಮಾಡುವುದಿಲ್ಲ. ಕಾರಣ ಸರಳ. ಲೆಕ್ಕಕ್ಕೆ ವರದಿಗಾರ ಬೇಕು, ಅವನಿಗೆ ದಿನ ಬೇಕು, ಗಾಡಿ ಬೇಕು. ತಾಲ್ಲೂಕಿನ ಹುಡುಗನಿಗೆ ಸುದ್ದಿಗಿಷ್ಟು ಎಂದು ಕೊಟ್ಟು ಸಾಗಿಸುವ ಚಾನೆಲ್ಲುಗಳಿಗೆ ಅದು ದುಬಾರಿ. ವಕ್ತಾರರು ಮಾತ್ರ ಕರೆದರೆ ಸಾಕು, ತಾವೇ ಬಂದು ಕೂರುತ್ತಾರೆ. ಚರ್ಚೆ ಎಂಬುದು ಸುದ್ದಿಮನೆಯ ಅತ್ಯಂತ ಅಗ್ಗದ ಅಡುಗೆ.

ಟಿಆರ್‌ಪಿ ಮೇಲೆ ಎಲ್ಲವನ್ನೂ ಹಾಕುವವರಿದ್ದಾರೆ. ಬಾರ್ಕ್ ಸಂಸ್ಥೆ ಇಡೀ ದೇಶದಲ್ಲಿ 50 ಸಾವಿರ ಚಿಲ್ಲರೆ ಮನೆಗಳ ಟಿವಿಗೆ ಮೀಟರ್ ಕೂರಿಸಿ ಅಳೆಯುವ ಲೆಕ್ಕವದು. ಮುಂಬೈ ಪೊಲೀಸರು ಟಿಆರ್‌ಪಿ ಹಗರಣ ಬಯಲಿಗೆಳೆದ ಮೇಲೆ 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಸುದ್ದಿ ಚಾನೆಲ್ಲುಗಳ ರೇಟಿಂಗ್ ಪ್ರಕಟಣೆಯೇ ನಿಂತಿತ್ತು. ಆ ಒಂದೂವರೆ ವರ್ಷ ನಿರೂಪಕರು ಮೆತ್ತಗೆ ಮಾತಾಡಿದ್ದು ಯಾರಿಗಾದರೂ ನೆನಪಿದೆಯೇ? ಚಟಕ್ಕೆ ಮೀಟರ್ ಬೇಕಿಲ್ಲ.

ಟಿವಿಯವರು ಮಾಡಿದ ಒಳ್ಳೆಯದನ್ನು ಹೇಳದಿದ್ದರೆ ನ್ಯಾಯವಲ್ಲ. 2012ರ ಫೆಬ್ರುವರಿಯಲ್ಲಿ ವಿಧಾನಸಭೆಯೊಳಗೆ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡಿದ ಆರೋಪದ ಮೇಲೆ ಮೂವರು ಸಚಿವರು ರಾಜೀನಾಮೆ ಕೊಟ್ಟದ್ದು ಟಿವಿ ಕ್ಯಾಮೆರಾಗಳಿಂದ. 2019ರ ಅಕ್ಟೋಬರ್‌ನಲ್ಲಿ ಸದನದೊಳಗೆ ಖಾಸಗಿ ಚಾನೆಲ್ಲುಗಳ ಕ್ಯಾಮೆರಾ ಬೇಡ ಎಂದು ಸ್ಪೀಕರ್ ಆದೇಶ ಮಾಡಿದರು. ಅಂದರೆ ಕ್ಯಾಮೆರಾಕ್ಕೆ ಹೆದರಿಕೆ ಇತ್ತು ಎಂದಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ತುಂಬಿ ಮುಧೋಳ, ಜಮಖಂಡಿ, ರಬಕವಿ–ಬನಹಟ್ಟಿ, ಬೀಳಗಿ ಸೀಮೆಯ ಹಳ್ಳಿಗಳು ನೀರಲ್ಲಿ ನಿಂತಾಗ ರಾಜ್ಯದಲ್ಲಿ ಇದ್ದದ್ದು ಮುಖ್ಯಮಂತ್ರಿಯೊಬ್ಬರೇ, ಮಂತ್ರಿಮಂಡಲ ಇನ್ನೂ ಆಗಿರಲಿಲ್ಲ. ಆಗ ಚಾನೆಲ್ಲಿನ ಹುಡುಗರು ಎದೆಮಟ್ಟದ ನೀರಲ್ಲಿ ಮೈಕು ಹಿಡಿದು ನಿಂತದ್ದನ್ನು ನಾವು ಮರೆತಿಲ್ಲ. ಆ ದೃಶ್ಯ ನೋಡಿ ದಕ್ಷಿಣದ ಜಿಲ್ಲೆಗಳಿಂದ ರೊಟ್ಟಿ, ಹಾಸಿಗೆ ಹೊತ್ತ ಲಾರಿಗಳು ಬಂದವು. ನೀರು ಇಳಿಯಿತು, ಕ್ಯಾಮೆರಾಗಳೂ ಇಳಿದುಹೋದವು. ಬಿದ್ದ ಮನೆಯ ಪರಿಹಾರ ಎ ದರ್ಜೆಯೋ ಬಿ ದರ್ಜೆಯೋ ಎಂದು ಜನ ಪಂಚಾಯಿತಿಯಿಂದ ತಹಶೀಲ್ದಾರ್ ಕಚೇರಿಗೆ ತಿರುಗುವ ಹೊತ್ತಿಗೆ ಸ್ಟುಡಿಯೊ ಬೇರೆ ಜಗಳಕ್ಕೆ ಹೋಗಿತ್ತು.

ಇದಕ್ಕಿಂತ ಕೆಟ್ಟದ್ದೂ ಆಗಿದೆ. 2020ರ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ. ಕೊರೊನಾ ಲಾಕ್‌ಡೌನ್. ಎಲ್ಲರೂ ಮನೆಯಲ್ಲಿ, ಎದುರಿಗೆ ಟಿವಿ. ದೆಹಲಿಯ ತಬ್ಲೀಗಿ ಸಭೆಯ ಸುದ್ದಿ ಬಂದದ್ದೇ ರೋಗಕ್ಕೊಂದು ಧರ್ಮ ಸಿಕ್ಕಿತು. ಆ ದಿನಗಳಲ್ಲೇ ನಮ್ಮ ಜಿಲ್ಲೆಯ ಕೃಷ್ಣಾ ದಂಡೆಯ ಬಿದರಿಯಲ್ಲಿ, ಮೀನು ಹಿಡಿಯಲು ಹೋದ ಮುಸ್ಲಿಂ ಮೀನುಗಾರರನ್ನು ಬಡಿಗೆ ಹಿಡಿದ ಗುಂಪು ಅಡ್ಡಗಟ್ಟಿ, ನಿಮ್ಮಿಂದಲೇ ರೋಗ ಹಬ್ಬಿತು ಎಂದು ಬೆದರಿಸಿತು. ಮೀನುಗಾರರು ಕೈಮುಗಿದು ನಿಂತ ವಿಡಿಯೊ ದೇಶವೆಲ್ಲ ಹರಿದಾಡಿತು. ಆ ಗುಂಪಿನವರು ಯಾವ ಚಾನೆಲ್ ನೋಡಿದ್ದರೋ ಹೇಳಲಾಗದು, ಮೊಬೈಲಿನ ವಿಷವೂ ಇತ್ತು. ಆದರೆ ನದಿ ದಂಡೆಯಲ್ಲಿ ಅವರು ಆಡಿದ ಮಾತು, ಅದರ ಹಿಂದಿನ ರಾತ್ರಿಗಳಲ್ಲಿ ಸ್ಟುಡಿಯೊಗಳಿಂದ ಮನೆಮನೆಗೆ ಬಂದ ಮಾತೇ ಆಗಿತ್ತು. ತಲೆಮಾರುಗಳಿಂದ ಒಂದೇ ಮೊಹರಂ, ಒಂದೇ ಉರುಸು ಮಾಡಿಕೊಂಡು ಬಂದ ಊರುಗಳಿವು.

ಆ ಪ್ರಸಾರಗಳ ಮೇಲೆ, ದ್ವೇಷದ ಮಾತಿನ ವಿರುದ್ಧ ಅಭಿಯಾನ ನಡೆಸುವ ಬೆಂಗಳೂರಿನ ನಾಗರಿಕರ ಗುಂಪೊಂದು ದೂರು ಬರೆಯಿತು. ಸುದ್ದಿ ಚಾನೆಲ್ಲುಗಳ ಸ್ವಯಂ ನಿಯಂತ್ರಣ ಪ್ರಾಧಿಕಾರ 2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ದಂಡ ದೊಡ್ಡದಲ್ಲ. ಹತ್ತು ಸೆಕೆಂಡಿನ ಜಾಹೀರಾತು ಲೆಕ್ಕದಲ್ಲಿ ಮಾತಾಡುವವರಿಗೆ ಅದು ಚಹಾದ ಖರ್ಚು. ಆದರೆ ತಪ್ಪು ಎಂದು ಬರೆದದ್ದು ದಾಖಲೆಯಲ್ಲಿ ಉಳಿಯಿತು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಕೂಡ, ಚರ್ಚೆಯಲ್ಲಿ ದ್ವೇಷದ ಮಾತು ಬಂದಾಗ ತಡೆಯಬೇಕಾದವರು ನಿರೂಪಕರೇ ಎಂದು ಕಟುವಾಗಿ ಹೇಳಿದರು.

ಹೊರದೇಶದ ಒಂದು ಕತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಸಿಎನ್‌ಎನ್ ಚಾನೆಲ್ 1982ರಿಂದ ‘ಕ್ರಾಸ್‌ಫೈರ್’ ಎಂಬ ಎಡ–ಬಲ ಜಗಳದ ಕಾರ್ಯಕ್ರಮ ನಡೆಸುತ್ತಿತ್ತು. 2004ರ ಅಕ್ಟೋಬರ್‌ನಲ್ಲಿ ಹಾಸ್ಯಗಾರ ಜಾನ್ ಸ್ಟುವರ್ಟ್ ಅತಿಥಿಯಾಗಿ ಬಂದು, ನಗಿಸುವ ಬದಲು, ನೀವು ದೇಶಕ್ಕೆ ಕೇಡು ಮಾಡುತ್ತಿದ್ದೀರಿ, ನಿಲ್ಲಿಸಿ ಎಂದು ನಿರೂಪಕರ ಮುಖಕ್ಕೇ ಹೇಳಿದರು. ಮೂರು ತಿಂಗಳಲ್ಲಿ ಚಾನೆಲ್ ಆ ಕಾರ್ಯಕ್ರಮವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ನಮ್ಮಲ್ಲಿ ಪ್ಯಾನೆಲ್ಲಿಗೆ ಹೋದ ಒಬ್ಬರಾದರೂ ಹಾಗೆ ಹೇಳಿ ಬರಲಿ ಎಂದು ನಾನು ಕಾಯುತ್ತಿದ್ದೇನೆ. ಮರುದಿನ ತಮ್ಮನ್ನು ಕರೆಯುವುದಿಲ್ಲ ಎಂಬ ಅಂಜಿಕೆ ಅವರಿಗೆ.

ಮನೆಯ ಹೆಣ್ಣುಮಕ್ಕಳ ಅಭಿಪ್ರಾಯ ಈ ವಿಷಯದಲ್ಲಿ ಗಂಡಸರಿಗಿಂತ ಖಡಕ್ಕು. ಬನಹಟ್ಟಿಯಲ್ಲಿ ಪವರ್‌ಲೂಮಿನ ಸಪ್ಪಳದಲ್ಲೇ ದಿನ ಕಳೆಯುವ ನಮ್ಮ ಅತ್ತೆಯೊಬ್ಬರು ಸೀರಿಯಲ್ ಮುಗಿದ ಮೇಲೆ ರಿಮೋಟನ್ನು ಗಂಡನ ಕೈಗೆ ಕೊಡುವಾಗ ಹೇಳುವುದು ಇಷ್ಟೇ: “ತಗೋರಿ, ನಿಮ್ಮ ಸೀರಿಯಲ್ ಹಚ್ಗೋರಿ.”

ನನಗೆ ಬೇಕಾದ ಚರ್ಚೆ ಯಾವುದು ಎಂದರೆ ಹೇಳಿಬಿಡುತ್ತೇನೆ. ಆಲಮಟ್ಟಿ. ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲುವುದು 519.60 ಮೀಟರಿಗೆ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲೇ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿದೆ. ಅಷ್ಟು ಏರಿದರೆ 75 ಸಾವಿರ ಎಕರೆಗೂ ಹೆಚ್ಚು ನೆಲ ಮುಳುಗುತ್ತದೆ, ಬೀಳಗಿ ಸೀಮೆಯದೂ ಸೇರಿ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಎಂದು ಪರಿಹಾರ ಗೊತ್ತುಮಾಡಿತು. ಯಾವ ವರ್ಷ ಎಷ್ಟು ಹಣ, ಯಾವ ಹಳ್ಳಿ ಮೊದಲು, ಬೋರು ಇದ್ದ ಹೊಲ ನೀರಾವರಿಯೋ ಖುಷ್ಕಿಯೋ? ಮಗಳ ಮದುವೆ ಮಾಡಬೇಕೋ, ಮನೆಗೆ ಸ್ಲ್ಯಾಬ್ ಹಾಕಬೇಕೋ, ದ್ರಾಕ್ಷಿ ಹಚ್ಚಬೇಕೋ ಎಂಬುದು ಈ ಉತ್ತರಗಳ ಮೇಲೆ ನಿಂತಿದೆ. ನಕ್ಷೆ ಇಟ್ಟುಕೊಂಡು, ಪುನರ್ವಸತಿ ಅಧಿಕಾರಿಯನ್ನು ಕೂರಿಸಿಕೊಂಡು ಒಂಬತ್ತು ಗಂಟೆಗೆ ಒಂದು ತಾಸು ನಡೆಸಿ ನೋಡಲಿ. ಅಲ್ಲಿ ಎಷ್ಟು ಬೇಕಾದರೂ ಒದರಲಿ, ನಾನು ಬೇಡ ಎನ್ನುವುದಿಲ್ಲ.

ಬೀಳಗಿಯಲ್ಲಿ ಕೂತು ನಾವು ಏನು ಮಾಡಲಾದೀತು ಎನ್ನುವವರಿಗೆ ಒಂದು ಮಾತು. ಕೇಬಲ್ ಟಿವಿ ಕಾಯ್ದೆ 1995ರದು. ಅದರ ನಿಯಮಗಳಿಗೆ 2021ರ ಜೂನ್‌ನಲ್ಲಿ ಆದ ತಿದ್ದುಪಡಿ ಪ್ರಕಾರ, ಪ್ರಸಾರದ ಬಗ್ಗೆ ಯಾವ ವೀಕ್ಷಕನೂ ಚಾನೆಲ್ಲಿಗೆ ಲಿಖಿತ ದೂರು ಕೊಡಬಹುದು, ಚಾನೆಲ್ 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಸಮಾಧಾನವಾಗದಿದ್ದರೆ ಆ ಚಾನೆಲ್ ಸದಸ್ಯನಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ, ಅಲ್ಲಿಂದಲೂ ಆಗದಿದ್ದರೆ ಕೇಂದ್ರ ಸರ್ಕಾರಕ್ಕೆ ಹೋಗಬಹುದು. ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಉಸ್ತುವಾರಿ ಸಮಿತಿಗೂ ಅವಕಾಶವಿದೆ. ಅದರಲ್ಲಿ ಎಸ್‌ಪಿ, ಮಹಿಳಾ ಕಾಲೇಜೊಂದರ ಪ್ರಾಂಶುಪಾಲರು, ಸ್ವಯಂಸೇವಾ ಸಂಸ್ಥೆಗಳವರು ಇರಬೇಕು. ಬಾಗಲಕೋಟೆಯ ನವನಗರಕ್ಕೆ ಬೇರೆ ಕೆಲಸಕ್ಕೆ ಹೋದಾಗ ಡಿಸಿ ಆಫೀಸಿನಲ್ಲಿ ಆ ಸಮಿತಿ ಯಾವಾಗ ಸೇರಿತ್ತು ಎಂದು ಕೇಳಿ ಬನ್ನಿ. ಚಾನೆಲ್ಲಿಗೆ ಬರೆಯುವಾಗ ಬೈಗುಳ ಬೇಡ. ಕಾರ್ಯಕ್ರಮದ ಹೆಸರು, ತಾರೀಖು, ವೇಳೆ, ಆಡಿದ ಮಾತು ಇಷ್ಟನ್ನು ತಪ್ಪದೆ ಬರೆಯಿರಿ. ಇವಿಲ್ಲದ ದೂರನ್ನು ಬದಿಗೆ ಸರಿಸುವುದು ಅವರಿಗೆ ಬಹಳ ಸುಲಭ.